ಮಂಡಳಿಯವರೆಲ್ಲ ಎದ್ದು ನಿಂತರು

ಸಿಂಧನೂರು
೭ ಆಗಸ್ಟ್ ೧೯೪೨, ಶುಕ್ರವಾರ

"ಮಾನ್ಯ ಅಧ್ಯಕ್ಷರೇ, ಮಹಾಜನರೇ, ಕಿಟಕಿಯಾಚೆ ನಿಂತು ಇಣುಕುತ್ತಿರುವ ಆಡುಗಳೇ! ಸಮುದ್ರದಾಚೆ ಜಪಾನಿನವರು ತೋಪು ಹಾರಿಸಿದರೆ ಸಿಂಧನೂರಿನಲ್ಲಿ ಸೀಮೆಎಣ್ಣೆ ಸಿಗದಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಆದರೆ ಅದೇ ತೋಪಿನ ಸದ್ದಿಗೆ ಒಂದು ಇಡೀ ವಿಶ್ವವಿದ್ಯಾಲಯ ಬಾಗಿಲು ಹಾಕಿಕೊಂಡದ್ದನ್ನೂ, ಅದರ ವಿದ್ಯಾರ್ಥಿನಿಯೊಬ್ಬಳು ನಮ್ಮೂರ ಮೇಲೆ ಹಾದುಹೋಗುವ ಬಸ್ಸಿನಲ್ಲೇ ಲಿಂಗಸುಗೂರಿಗೆ ಹೋಗಿ ಇಳಿದದ್ದನ್ನೂ ಈ ಮಹಾಸಭೆ ಬಲ್ಲುದೇ? ಅರಿಯದವರು ಕೇಳಲಿ, ಬಲ್ಲವರು ಏಳಲಿ!"

ಕುಮಾರಿ ಯಮನಮ್ಮನವರೇ, ಮೇಲಿನದು ಇಂದು ನಾನು 'ಸಿಂಧನೂರು ವಿದ್ಯಾರ್ಥಿ ಸಹಾಯಕ ಮಂಡಳಿ'ಯ ಮುಂದೆ ಮಾಡಿದ ಭಾಷಣದ ತುಣುಕು. ಏಳಲಿ ಎಂದರೂ ಯಾರೂ ಏಳಲಿಲ್ಲ. ಸದಸ್ಯರಾದ ಅಂಬಪ್ಪನವರು ಎಂದಿನಂತೆ ನಿದ್ದೆಯಲ್ಲಿದ್ದರು. ಅಧ್ಯಕ್ಷ ಹಾಜಿಸಾಬರು ಮಾತು ಕಡಿಮೆಯವರು, ಇಟ್ಟ ಜಾಗದಿಂದ ಅಲುಗುವವರಲ್ಲ. ಖಜಾಂಚಿ ಗಿಡ್ಡಪ್ಪನವರು ಮಾತ್ರ "ಯಾರ ಹುಡುಗಿ, ಏನ್ ಕತಿ, ಮೊದಲ ಅದನ್ನ ಹೇಳ್ರಿ" ಎಂದು ಅಡ್ಡ ಬಂದರು.

ನಾನು ವಿರೂಪಾಕ್ಷಪ್ಪ, ಮಂಡಳಿಯ ಕಾರ್ಯದರ್ಶಿ. ಹೊಟ್ಟೆಪಾಡಿಗೆ ಇಲ್ಲಿಯ ಮದರಸೆಯಲ್ಲಿ, ಅಂದರೆ ಸರಕಾರಿ ಶಾಲೆಯಲ್ಲಿ, ಕನ್ನಡ ಮಾಸ್ತರ. ಧಾರವಾಡದಲ್ಲಿ ಬಿ.ಎ. ಮಾಡಿ, ನಲವತ್ತೈದು ದಾಟಿದರೂ ಆ ಪದವಿಯನ್ನು ಎಲ್ಲಿ ಇಡುವುದೆಂದು ಜಾಗ ಹುಡುಕುತ್ತಿರುವವನು. ನಿಮ್ಮ ಸುದ್ದಿ ತಂದವನು ಬಸ್ಸಿನ ಡ್ರೈವರ್ ದಾವಲ್‌ಸಾಬ್. "ಮಾಸ್ತರ್ರೀ, ರಂಗೂನಿಂದ ಒಂದು ಹುಡುಗಿ ಬಂದೈತ್ರಿ, ಬಿ.ಎ. ಓದಾಕತ್ತಿತ್ತಂತ. ಗಂಟಿಲ್ಲ, ಕೌದಿ ಇಲ್ಲ, ಕಂಕುಳಾಗ ಒಂದು ಪುಸ್ತಕ. ಇಳಿಯೂಮುಂದ ಕೇಳ್ತು, ಇಲ್ಲಿ ಕಾಲೇಜ್ ಎಲ್ಲೈತಿ ಅಂತ. ನಾ ನಕ್ಕುಬಿಟ್ಟೆ. ಆಮ್ಯಾಲ ಯಾಕೋ ಊಟ ಸೇರಲಿಲ್ರಿ" ಎಂದ.

ವಿಷಯಕ್ಕೆ ಬರುತ್ತೇನೆ. ಯುದ್ಧದಿಂದ ಓದು ಮುರಿದವರು ಮನೆಯಲ್ಲೇ ಓದಿ ಕೊನೆಯ ವರ್ಷದ ಪರೀಕ್ಷೆಗೆ ಕೂಡಬಹುದೆಂದು ಬ್ರಿಟಿಷ್ ಸೀಮೆಯ ವಿಶ್ವವಿದ್ಯಾಲಯವೊಂದು ಪ್ರಕಟಿಸಿದೆ. ನೀವು ರಂಗೂನಿನಲ್ಲಿ ಓದಿದ್ದಕ್ಕೆ ನಿಮ್ಮ ಪ್ರಾಧ್ಯಾಪಕರಲ್ಲಿ ಯಾರದಾದರೂ ಚೀಟಿ ಬೇಕು, ಓದಿಸಿದ ಪದವೀಧರನ ಸಹಿ ಬೇಕು, ತಂದೆಯ ಒಪ್ಪಿಗೆ ಬೇಕು. ಅರ್ಜಿ ಜನವರಿ ಮುಗಿಯುವುದರೊಳಗೆ ಮುಟ್ಟಬೇಕು, ಪರೀಕ್ಷೆ ಮಾರ್ಚಿನಲ್ಲಿ. ಈ ಸವಲತ್ತು ಇದೊಂದೇ ವರ್ಷ. ಪದವೀಧರ ಇಲ್ಲಿದ್ದಾನೆ, ಬಹಳ ಬಳಸಿಲ್ಲ, ಹೊಸದರಂತೆಯೇ ಇದ್ದಾನೆ. ಪ್ರಶ್ನೆ ನಾನು ಕಳಿಸುತ್ತೇನೆ, ಉತ್ತರ ನೀವು ಕಳಿಸಿರಿ. ಪುಸ್ತಕ ದಾವಲ್‌ಸಾಬ್ ತರುತ್ತಾನೆ.

ಮನೆಯ ಹಿರಿಯರಿಗೆ ಈ ಪತ್ರ ತೋರಿಸಿರಿ. ಇದು ಒಬ್ಬ ಗಂಡಸು ಬರೆದ ಪತ್ರವಲ್ಲ, ಒಂದು ಸಂಸ್ಥೆ ಬರೆದ ಪತ್ರ.

ಮಂಡಳಿಯ ಪರವಾಗಿ,
ವಿರೂಪಾಕ್ಷಪ್ಪ

ತಾ.ಕ.: ಇಂದಿನ ಸಭೆಯ ವರದಿ ಪದ್ಯದಲ್ಲಿ:
ಬೈದದ್ದು ಒಬ್ಬರು, ಮಲಗಿದ್ದು ಒಬ್ಬರು, ಉಳಿದವರು ಕುಡಿದರು ಚಹಾ;
ಹುಡುಗಿಗೆ ಪದವಿ ಕೊಡಿಸೋಣ ಅಂದಾಗ ಎಲ್ಲರೂ ವಹ್ವಾ ವಹ್ವಾ!


ಲಿಂಗಸುಗೂರು ಛಾವಣಿ
೧೯ ಆಗಸ್ಟ್ ೧೯೪೨

ಮಾನ್ಯ ಕಾರ್ಯದರ್ಶಿಗಳಿಗೆ ನಮಸ್ಕಾರಗಳು.

ನಿಮ್ಮ ಪತ್ರ ತಡವಾಗಿ ಸಿಕ್ಕಿತು. ಟಪಾಲಿನವನು ನಮ್ಮ ಕೇರಿಯೊಳಗೆ ಬರುವುದಿಲ್ಲ. ಹೊರಗಿನ ಬೇವಿನ ಮರದ ಹತ್ತಿರ ನಿಂತು ಕೂಗುತ್ತಾನೆ, ಕೇಳಿಸಿದರೆ ಪತ್ರ, ಕೇಳಿಸದಿದ್ದರೆ ನಾಳೆ.

ನಮ್ಮ ಅಜ್ಜ ಪಲಟನ್ನಿನ ಸಂಗಡ ಈ ದಂಡಿನ ಛಾವಣಿಯಿಂದಲೇ ಬರ್ಮಾಕ್ಕೆ ಹೋಗಿ ಅಲ್ಲೇ ಉಳಿದವರು. ತಂದೆ ಗದ್ದೆಪ್ಪನವರು ರಂಗೂನಿನ ಸಾಗವಾನಿ ಅಡ್ಡೆಯಲ್ಲಿ ಗುಮಾಸ್ತರಾಗಿದ್ದರು. ಈಗ ತಂದೆಯ ದೊಡ್ಡಪ್ಪನ ಮಗಳು ಜೋಗಮ್ಮತ್ತೆಯ ಮನೆಯಲ್ಲಿದ್ದೇವೆ. ರಂಗೂನಿನಲ್ಲಿ ಮನೆಯೊಳಗೆ ಕನ್ನಡವನ್ನೇ ಆಡುತ್ತಿದ್ದೆವು. ನಾನು ಬಾಯಿ ತೆರೆದರೆ ಅತ್ತೆ ನಗುತ್ತಾಳೆ: "ಯವ್ವಾ, ನೀ ನಮ್ಮ ಸತ್ತ ಮುತ್ಯಾನಂಗ ಮಾತಾಡ್ತೀಯಲ್ಲಬೇ! ಆ ಮಾತು ಈಗ ಇಲ್ಲಿ ಯಾರೂ ಆಡಂಗಿಲ್ಲ."

ನನ್ನ ಕಂಕುಳಲ್ಲಿದ್ದದ್ದು ಪ್ರಾಚೀನ ಭಾರತದ ಇತಿಹಾಸ. ಅದರಲ್ಲಿ ಮಸ್ಕಿಯ ಬಂಡೆಶಾಸನದ ಮಾತು ಬಂದಾಗ, ತರಗತಿಯಲ್ಲಿ ಎದ್ದು ನಿಂತು "ಅದು ನಮ್ಮೂರ ಪಕ್ಕ" ಎಂದಿದ್ದೆ. ಎಂದೂ ನೋಡದ ಊರನ್ನು ನಮ್ಮೂರು ಎಂದದ್ದಕ್ಕೆ ಎಲ್ಲರೂ ನಕ್ಕರು. ತಂದೆಗೆ ಹೇಳಿದಾಗ ಅವರು ನಗಲಿಲ್ಲ.

ನಮ್ಮ ಪ್ರಾಧ್ಯಾಪಕರೊಬ್ಬರು ಕಲಕತ್ತೆ ಮುಟ್ಟಿದ್ದಾರೆ, ಅವರಿಂದ ಚೀಟಿ ತರಿಸುತ್ತೇನೆ. ಬಸ್ಸಿನಲ್ಲಿ ನಾನೊಬ್ಬಳೇ ಬಂದೆ, ತಂದೆಯವರು ಹಿಂದಿನಿಂದ ಬಂದರು. ಅವರ ಒಪ್ಪಿಗೆಯೂ ಇದೆ. ಈಗ ಪಡಸಾಲೆಯಲ್ಲಿ ಕೂತು ನಾನು ಬರೆಯುವುದನ್ನೇ ನೋಡುತ್ತಿದ್ದಾರೆ. ಮಂಡಳಿಯ ಎಲ್ಲರಿಗೂ ನಮಸ್ಕಾರ ತಿಳಿಸೆಂದರು.

ಇಂತಿ,
ಯಮನಮ್ಮ


ಸಿಂಧನೂರು
೧೧ ಸೆಪ್ಟೆಂಬರ್ ೧೯೪೨, ಶುಕ್ರವಾರ

ಕುಮಾರಿ ಯಮನಮ್ಮನವರಿಗೆ ಆಶೀರ್ವಾದಗಳು.

ನಿಮ್ಮ ಉತ್ತರಗಳನ್ನು ಮಂಡಳಿ ಓದಿತು. ಓದಿದ ಮೇಲೆ ಕಾರ್ಯದರ್ಶಿಯು ತಾನು ಬಿ.ಎ.ಯಲ್ಲಿ ಬರೆದ ಉತ್ತರಗಳನ್ನು ನೆನೆದು ಸ್ವಲ್ಪ ಹೊತ್ತು ಹೊರಗೆ ಹೋಗಿ ಬಂದನು.

ಒಂದೇ ದೂರು. ಮೌರ್ಯರ ಕುರಿತ ನಿಮ್ಮ ಉತ್ತರ ಚಂದ್ರಗುಪ್ತನಿಂದ ಹೊರಟು ಚೆನ್ನಾಗಿ ಓಡುತ್ತದೆ. ಅಶೋಕ ಬರುತ್ತಾನೆ, ಕಳಿಂಗದ ಮೇಲೆ ಏರಿಹೋಗುತ್ತಾನೆ, ಯುದ್ಧ ಮುಗಿಯುತ್ತದೆ. ಅಲ್ಲಿಗೆ ನಿಮ್ಮ ಲೇಖಣಿಯೂ ಮುಗಿಯುತ್ತದೆ. ಎರಡನೆಯ ಸಲ ಕೇಳಿದಾಗಲೂ ಅಲ್ಲೇ ನಿಂತಿರಿ. ಆಮೇಲೆ ಅವನು ಪಶ್ಚಾತ್ತಾಪಪಟ್ಟದ್ದು, ಬಂಡೆಗಳ ಮೇಲೆ ಬರೆಸಿದ್ದು, ಇದೇ ಅಲ್ಲವೇ ಪರೀಕ್ಷಕರು ಕೇಳುವುದು? 
ಕಳಿಂಗದ ತನಕ ಕುದುರೆಯ ಓಟ,
ಆಮೇಲೆ ಏಕೆ ಮೌನದ ಪಾಠ?
ಆ ಪುಟಗಳು ಹರಿದುಹೋಗಿವೆಯೇ? ಹಾಗಿದ್ದರೆ ಬೇರೆ ಪುಸ್ತಕ ಕಳಿಸುತ್ತೇನೆ.

ಗಿಡ್ಡಪ್ಪನವರು ಇಂದು ಮತ್ತೆ ತಕರಾರು ತೆಗೆದರು. ಮುಚ್ಚಿಡುವುದಿಲ್ಲ, ಇದ್ದ ಹಾಗೆ ಬರೆಯುತ್ತೇನೆ: "ಹೆಣ್ಣುಹುಡುಗಿ ಬಿ.ಎ. ಮಾಡಿ ಏನ್ ಮಾಡ್ತಾಳ್ರೀ? ಅಲ್ಲ, ಈ ಮಾಸ್ತರ ಮಾಡಿ ಏನ್ ಮಾಡ್ಯಾನ? ನಾಳೆ ಪಾಸಾಗಲಿಲ್ಲಂದ್ರ, ಮೊದಲೇ ಮನಿ ಕಳಕೊಂಡಾಕಿಗೆ ಆಸೆನೂ ಕಳದ ಪಾಪ ಯಾರಿಗೆ?" ಅಧ್ಯಕ್ಷರು ಎಂದಿನಂತೆ ಇದ್ದಲ್ಲಿಂದ ಅಲುಗಲಿಲ್ಲ.

ಇದರೊಂದಿಗೆ ಅರ್ಜಿ ಇದೆ. ತಂದೆಯವರ ಸಹಿ ಹಾಕಿಸಿ ಕಳಿಸಿರಿ.

ವಿರೂಪಾಕ್ಷಪ್ಪ


ಲಿಂಗಸುಗೂರು ಛಾವಣಿ
೨೪ ಸೆಪ್ಟೆಂಬರ್ ೧೯೪೨

ಮಾನ್ಯರೇ,

ಗಿಡ್ಡಪ್ಪನವರಿಗೆ ನನ್ನ ಉತ್ತರವನ್ನು ಸಭೆಯಲ್ಲಿ ಓದಿರಿ.

ಬಿ.ಎ. ಮಾಡಿ ಏನು ಮಾಡುತ್ತೇನೆಂದು ನನಗೆ ಗೊತ್ತಿಲ್ಲ. ಆದರೆ ಬಾಂಬು ಬಿದ್ದ ದಿನ ನಾನು ಮಾಡುತ್ತಿದ್ದ ಕೆಲಸ ಅದು. ಅತ್ತೆಯ ಓಣಿಯಲ್ಲಿ ಒಬ್ಬಾಕೆ ಇದ್ದಾಳೆ. ರೊಟ್ಟಿ ಬಡಿಯುವಾಗ ಯಾರು ಕರೆದರೂ, ಏನೇ ಆದರೂ, ಕೈಯಲ್ಲಿದ್ದ ರೊಟ್ಟಿಯನ್ನು ಹೆಂಚಿಗೆ ಹಾಕಿಯೇ ಏಳುತ್ತಾಳೆ. ನನ್ನದೂ ಅಷ್ಟೇ. ಆಸೆ ಕಳೆಯುವ ಪಾಪ ಯಾರಿಗೂ ಬೇಡ, ಅದು ನನ್ನದೇ ಇರಲಿ. ಮಾಸ್ತರರು ಬಿ.ಎ. ಮಾಡಿ ಏನು ಮಾಡಿದರು ಎಂದು ಅವರು ಕೇಳಿದ್ದು ನನಗೆ ಸರಿಬರಲಿಲ್ಲ. ನಿಮ್ಮ ಕೆಂಪು ಶಾಯಿಯ ಗುರುತುಗಳನ್ನು ಅವರು ನೋಡಿಲ್ಲವೆಂದು ಕಾಣುತ್ತದೆ.

ಮೌರ್ಯರ ಪುಟಗಳು ಹರಿದಿಲ್ಲ. ಇನ್ನೊಮ್ಮೆ ಪ್ರಯತ್ನಿಸುತ್ತೇನೆ.

ತಂದೆಯವರು ಸಹಿ ಹಾಕಿಲ್ಲ. ಅವರ ಕಣ್ಣು ಮಂಜಾಗಿದೆ. ಕಳೆದ ವಾರ ಮಲಗಿದ್ದರು. ಈಗ ಹೊರಗೆ ಹೋಗಿದ್ದಾರೆ. ಬಂದ ಮೇಲೆ ಕೇಳುತ್ತೇನೆ.

ಯಮನಮ್ಮ


ಸಿಂಧನೂರು
೯ ಅಕ್ಟೋಬರ್ ೧೯೪೨, ಶುಕ್ರವಾರ

ಶ್ರೀ ಗದ್ದೆಪ್ಪನವರಿಗೆ ಸಪ್ರೇಮ ನಮಸ್ಕಾರಗಳು.

ಮಗಳ ಕೈಯಲ್ಲಿ ಹೇಳಿಸಿ ಸಾಕಾಯಿತು, ಈ ಸಲ ನೇರವಾಗಿ ನಿಮಗೇ ಬರೆಯುತ್ತಿದ್ದೇನೆ. ಮಂಜುಗಣ್ಣಿನವರು ಮಲಗಿದ್ದರಂತೆ, ಮಲಗಿದ್ದವರು ಹೊರಗೆ ಹೋದರಂತೆ. ನಾನು ಮಾಸ್ತರ. ನೆಪ ಕೇಳಿ ಕೇಳಿ ಕಿವಿ ಪಳಗಿದೆ. ನಿಮಗೆ ಸಹಿ ಹಾಕುವ ಮನಸ್ಸಿಲ್ಲ, ಅಷ್ಟೇ ತಾನೆ?

ಕೇರಿಯವನೆಂದು ಮಂಡಳಿ ತನ್ನನ್ನು ಹೇಗೆ ಕಾಣುತ್ತದೋ ಎಂಬ ಅಳುಕಿದ್ದರೆ ಬಿಡಿರಿ. ನಮ್ಮಲ್ಲಿರುವುದು ಒಂದೇ ಜಮಖಾನ, ಅದೂ ಹರಿದದ್ದು. ಕೂತರೆ ಎಲ್ಲರೂ ಅದರ ಮೇಲೇ ಕೂಡಬೇಕು. ಮಗಳು ಹೆಚ್ಚು ಓದಿದರೆ ಕೈತಪ್ಪುತ್ತಾಳೆಂಬ ಅಂಜಿಕೆಯಿದ್ದರೆ, ಇದನ್ನು ಕೇಳಿರಿ. ಆಕೆಯ ಉತ್ತರಗಳಲ್ಲಿ ಒಂದು ಗುಣವಿದೆ. ಯಾರಿಗೋ ಎದುರು ಕೂತು ಹೇಳಿದಂತೆ ಬರೆಯುತ್ತಾಳೆ, ಕೇಳುವವರಿಗೆ ದಣಿವಾಗಬಾರದೆಂದು ನೋಡಿಕೊಳ್ಳುತ್ತಾಳೆ. ಅದನ್ನು ಯಾವ ಕಾಲೇಜೂ ಕಲಿಸುವುದಿಲ್ಲ. ಮನೆಯಲ್ಲಿ ಯಾರೋ ಪ್ರೀತಿಯಿಂದ ಕೇಳಿಸಿಕೊಂಡಿದ್ದಾರೆ. ಅದು ನೀವಾಗಿದ್ದರೆ, ಈಗ ಏಕೆ ಹೀಗೆ?

ಆ ಬೆಂಕಿಯಿಂದ ಮಗಳನ್ನು ಅಷ್ಟು ದೂರ ನಡೆಸಿ ತಂದಿರಿ. ಇನ್ನೊಂದು ಹೆಜ್ಜೆಗೆ ಕಾಲು ಸೋತವೇ? ಕೂತಲ್ಲಿಂದ ಏಳಿರಿ, ಗದ್ದೆಪ್ಪನವರೇ. ಇದೇ ೩೦ರ ಶುಕ್ರವಾರ, ಮದರಸೆಗೆ ರಜೆ. ಮಂಡಳಿ ಮಸ್ಕಿಗೆ ಬರುತ್ತದೆ. ಅರ್ಧ ದಾರಿ ನಮ್ಮದು, ಅರ್ಧ ದಾರಿ ನಿಮ್ಮದು. ಶಾಸನದ ಬಂಡೆಯ ಹತ್ತಿರ ಕೂತಿರುತ್ತೇವೆ. ಅರ್ಜಿಯನ್ನೂ ಮಗಳನ್ನೂ ಕರೆದುಕೊಂಡು ಬನ್ನಿರಿ. ಬೈಯುವುದಿದ್ದರೆ ಅಲ್ಲೇ ಬೈಯಿರಿ.

ವಿರೂಪಾಕ್ಷಪ್ಪ


ಲಿಂಗಸುಗೂರು ಛಾವಣಿ
೧೮ ಅಕ್ಟೋಬರ್ ೧೯೪೨

ಮಾನ್ಯರೇ,

ನಿಮ್ಮ ಪತ್ರವನ್ನು ತಂದೆಯವರಿಗೆ ಓದಿ ಹೇಳಿದೆ. ಏನೂ ಅನ್ನಲಿಲ್ಲ.

ಮಸ್ಕಿಗೆ ಬರಲು ನೋಡುತ್ತೇವೆ. ಬರಲಾಗದಿದ್ದರೆ ಕೋಪ ಬೇಡ. ಅವರು ಓದಿಗೆ ವಿರೋಧಿಯಲ್ಲ. ಇದೊಂದು ಮಾತನ್ನು ಮಂಡಳಿ ನಂಬಬೇಕು. ಉಳಿದದ್ದನ್ನು ನಂಬದಿದ್ದರೂ ನಡೆಯುತ್ತದೆ.

ಯಮನಮ್ಮ


ಮಸ್ಕಿ
೩೦ ಅಕ್ಟೋಬರ್ ೧೯೪೨

ಯಮನಮ್ಮನವರೇ,

ಬಂಡೆಯ ಪಕ್ಕದಲ್ಲಿ ಕೂತು ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ. ಬೆಳಗಿನ ಬಸ್ಸು ಬಂತು, ನೀವು ಇಳಿಯಲಿಲ್ಲ. ಮಧ್ಯಾಹ್ನದ್ದೂ ಬಂತು. ಮಂಡಳಿ ತಂದಿದ್ದ ಬುತ್ತಿಯನ್ನು ಬಿಚ್ಚಿತು, ತಿನ್ನಲಾರದೆ ಮತ್ತೆ ಕಟ್ಟಿತು.

ಇಲ್ಲಿ ಕೂತಾಗ ಒಂದು ಸಂಗತಿ ಹೊಳೆಯಿತು. ಬೇರೆ ಎಷ್ಟೋ ಬಂಡೆಗಳ ಮೇಲೆ ಅಶೋಕ ತನ್ನ ಬಿರುದನ್ನಷ್ಟೇ ಬರೆಸಿದ್ದಾನೆ. ಈ ಬಂಡೆಯಲ್ಲಿ ಹೆಸರೂ ಇದೆ. ಬಿರುದಿನ ಹಿಂದೆ ನಿಂತು ಮಾತಾಡುವುದು ಸಲೀಸು. ಇಲ್ಲಿ ಮಾತ್ರ ಅವನಿಗೆ ಏನೆನ್ನಿಸಿತೋ.

ಗಿಡ್ಡಪ್ಪನವರು ಪಕ್ಕದಲ್ಲೇ ಕೂತು ಒಂದೇ ಸಮನೆ ಅನ್ನುತ್ತಿದ್ದಾರೆ: "ನಾ ಹೇಳಿರಲಿಲ್ಲೇನು? ಬರಂಗಿಲ್ಲ ಅವರು. ಯಾರ ಮಗಳಿಗೆ ನೀ ಯಾರಲೇ? ದೊಡ್ಡ ಕಾರ್ಯದರ್ಶಿ ಆಗ್ಯಾನ!" ನಾನು ದಾರಿಯ ಕಡೆಗೇ ನೋಡುತ್ತ ಬರೆಯುತ್ತಿದ್ದೇನೆ.

ದಾವಲ್‌ಸಾಬನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ವಿ.


ಲಿಂಗಸುಗೂರು ಛಾವಣಿ
೮ ನವೆಂಬರ್ ೧೯೪೨

ಮಾನ್ಯ ಹಾಜಿಸಾಬರವರು,
ಅಧ್ಯಕ್ಷರು, ವಿದ್ಯಾರ್ಥಿ ಸಹಾಯಕ ಮಂಡಳಿ, ಸಿಂಧನೂರು, ಇವರಿಗೆ ಸಲಾಮುಗಳು.

ಕಾರ್ಯದರ್ಶಿಗಳಿಗೆ ತಿಳಿಸದೆ ತಮಗೆ ಬರೆಯುತ್ತಿದ್ದೇನೆ, ಕ್ಷಮಿಸಬೇಕು. ಮಸ್ಕಿಗೆ ನಾವು ಬರದಿದ್ದದ್ದು ನನ್ನ ತಪ್ಪು. ಅದರಲ್ಲಿ ಕಾರ್ಯದರ್ಶಿಗಳದ್ದೇನೂ ಇಲ್ಲ. ಗಿಡ್ಡಪ್ಪನವರು ಅವರನ್ನು ಎಲ್ಲರೆದುರು ಏಕವಚನದಲ್ಲಿ ಬೈದರೆಂದು ತಿಳಿದು ನನಗೆ ನಿದ್ದೆ ಬರಲಿಲ್ಲ. ಗಿಡ್ಡಪ್ಪನವರನ್ನು ಮಂಡಳಿಯಿಂದ ತೆಗೆಯಬೇಡಿ, ಅವರು ಕೇಳುವ ಪ್ರಶ್ನೆಗಳು ಸುಳ್ಳಲ್ಲ. ಆದರೆ ಬೈಯುವುದಿದ್ದರೆ ನನ್ನನ್ನು ಬೈಯಲೆಂದು ತಾವು ಒಂದು ಮಾತು ಹೇಳಬೇಕು.

ಡ್ರೈವರ್ ದಾವಲ್‌ಸಾಬರು ಹೇಳಿದರು: "ಮಾಸ್ತರು ಒಬ್ರೇ ಬಂಡೆಗಲ್ಲಿನ ಹತ್ರ ಕುಂತಿದ್ರು ನೋಡವ್ವಾ, ತಮ್ಮಷ್ಟಕ್ಕ ತಾವೇ ಮಾತಾಡಾಕತ್ತಿದ್ರು." ಉಳಿದ ಸದಸ್ಯರು ಊರೊಳಗೆ ಹೋಗಿದ್ದಿರಬೇಕು. ಹಾಗೆ ಅವರೊಬ್ಬರನ್ನೇ ಬಿಟ್ಟುಹೋಗಬಾರದಿತ್ತು.

ಮಂಡಳಿಯ ಎಲ್ಲ ಸದಸ್ಯರ ಹೆಸರನ್ನೂ ವಿಳಾಸವನ್ನೂ ತಿಳಿಸಿದರೆ, ಪದವಿ ಬಂದ ದಿನ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರೆಯುತ್ತೇನೆ.

ಯಮನಮ್ಮ


ಮುಕ್ಕುಂದ
೨೫ ಡಿಸೆಂಬರ್ ೧೯೪೨, ಶುಕ್ರವಾರ

ಕುಮಾರಿ ಯಮನಮ್ಮನವರಿಗೆ ಆಶೀರ್ವಾದಗಳು.

ಇಷ್ಟು ದಿನ ಪತ್ರವಿಲ್ಲದ್ದಕ್ಕೆ ಮಂಡಳಿ ವಿಷಾದಿಸುತ್ತದೆ. ಹವಾ ಬದಲಾವಣೆಗಾಗಿ ಮಂಡಳಿಯ ಕಚೇರಿ ಮುಕ್ಕುಂದಕ್ಕೆ ಬಂದಿದೆ. ಸಣ್ಣ ಊರು, ಪಕ್ಕದಲ್ಲೇ ಹೊಳೆ. ಮದರಸೆಯಲ್ಲಿ ಹುಡುಗರು ಕಡಿಮೆ, ಗಾಳಿ ಹೆಚ್ಚು. ನನ್ನನ್ನೂ ಸರಕಾರ ಇಲ್ಲಿಗೇ ಬದಲಿ ಮಾಡಿದ್ದು ಅನುಕೂಲವೇ ಆಯಿತು. ಅಧ್ಯಕ್ಷರನ್ನು ಬಂಡಿಯಲ್ಲಿ ಕರೆತಂದೆವು. ದಾರಿಯಲ್ಲಿ ಅವರ ಕಾಲಿಗೆ ಸ್ವಲ್ಪ ಪೆಟ್ಟಾಯಿತು. ಅಂಬಪ್ಪನವರು ಬಂಡಿಯಲ್ಲೂ ಮಲಗಿದ್ದರು.

ಒಂದು ವಿನಂತಿ. ಇನ್ನು ಮುಂದೆ ಅಧ್ಯಕ್ಷರ ಹೆಸರಿಗೆ ಬರೆಯಬೇಡಿರಿ. ಲಕೋಟೆಯ ಮೇಲೆ 'ಮಂಡಳಿ' ಎಂದೂ ಬೇಡ. ನನ್ನ ಹೆಸರಷ್ಟೇ ಸಾಕು. ಗಾಂಧಿಯವರನ್ನು ಹಿಡಿದಾಗಿನಿಂದ ನಾಲ್ಕು ಜನ ಕೂತರೆ ಸರಕಾರದ ಇಜಾಜತ್, ಅಂದರೆ ಪರವಾನಗಿ, ಕೇಳುತ್ತಾರೆ. ಹೆದರುವಂಥದ್ದೇನಿಲ್ಲ.

ಅರ್ಜಿಗೆ ಇನ್ನು ಒಂದು ತಿಂಗಳು. ನಿಮ್ಮ ತಂದೆಗೆ ನಾನು ಬರೆದ ಪತ್ರ ಒರಟಾಗಿತ್ತು. ಅವರಲ್ಲಿ ಕ್ಷಮೆ ಕೇಳಿದೆನೆಂದು ಹೇಳಿರಿ. ಅವರು ಸಹಿ ಹಾಕದಿದ್ದರೂ ಓದು ನಿಲ್ಲಿಸಬೇಡಿರಿ. ಮೌರ್ಯರ ಉತ್ತರ ಇನ್ನೂ ಅರ್ಧವೇ ಇದೆ.

ವಿರೂಪಾಕ್ಷಪ್ಪ


ಲಿಂಗಸುಗೂರು ಛಾವಣಿ
೧೦ ಜನವರಿ ೧೯೪೩

ತೀರ್ಥರೂಪ ಸಮಾನರಾದ ಮಾಸ್ತರರಿಗೆ ಯಮನಮ್ಮ ಮಾಡುವ ನಮಸ್ಕಾರಗಳು.

ಅಧ್ಯಕ್ಷರ ಕಾಲು ಹೇಗಿದೆ? ಜೋಗಮ್ಮತ್ತೆ ಹುಣಸೆ ಎಲೆಯ ಕಾವು ಕೊಡಬೇಕೆಂದು ಹೇಳಿದ್ದಾಳೆ.

ಅರ್ಜಿಯನ್ನು ಪ್ರಾಧ್ಯಾಪಕರ ಚೀಟಿಯ ಸಂಗಡ, ತಂದೆಯ ಸಹಿಯಿಲ್ಲದೆ ವಾಪಸು ಕಳಿಸುತ್ತಿದ್ದೇನೆ. ತಂದೆಯವರ ಸಹಿ ನನಗೆ ಹಾಕಲು ಬರುತ್ತದೆ. ಚಿಕ್ಕವಳಿದ್ದಾಗ ಅವರ ತೊಡೆಯ ಮೇಲೆ ಕೂತು ಕಲಿತದ್ದು. ಕೊನೆಗೆ ಎರಡು ಚುಕ್ಕೆ ಇಡುತ್ತಿದ್ದರು. ಮೂರು ಸಲ ಲೇಖಣಿ ಹಿಡಿದೆ, ಆಗಲಿಲ್ಲ. ಅವರು ಕ್ಷಮೆ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿಲ್ಲ, ಮಾಸ್ತರರೇ. ಅವರು ಲಿಂಗಸುಗೂರಿಗೆ ಬರಲೇ ಇಲ್ಲ.

ಮಂಡಾಲೆ ದಾಟಿ ಮಣಿಪುರದ ಗುಡ್ಡದ ದಾರಿ ಹಿಡಿದಿದ್ದೆವು. ಕೆಳಗಿನ ಒಂದು ಊರಿನಿಂದಲೇ ಅಪ್ಪನಿಗೆ ವಾಂತಿಭೇದಿ. ಆದರೂ ನಡೆದರು. "ಪರೀಕ್ಷಿ ಬಂತಲ್ಲಬೇ, ಹೇಳು ನೋಡೋಣ" ಎಂದು ನನ್ನಿಂದ ಪಾಠ ಒಪ್ಪಿಸಿಕೊಳ್ಳುತ್ತಿದ್ದರು. ಏರಿನಲ್ಲಿ ನಾನು ಏದುಸಿರು ಬಿಟ್ಟು ಸುಮ್ಮನಾದರೆ, "ನಿಲ್ಲಿಸಬ್ಯಾಡವ್ವಾ, ನಿನ್ನ ಮಾತು ನಿಂತ್ರ ನನ್ನ ಕಾಲೂ ನಿಲ್ತಾವು" ಎನ್ನುತ್ತಿದ್ದರು. ಆ ದಿನ ಮೌರ್ಯರು. ಚಂದ್ರಗುಪ್ತ, ಬಿಂದುಸಾರ, ಅಶೋಕ. ಕಳಿಂಗದ ಯುದ್ಧ ಮುಗಿಯಿತು ಎಂದೆ. ಗಂಟಲು ಒಣಗಿತ್ತು. ನೀರಿರಲಿಲ್ಲ. ನಿಲ್ಲಿಸಿದೆ. ಅಪ್ಪ ದಾರಿಯ ಬದಿಗೆ ಕೂತರು. "ಮುಂದ?" ಎಂದರು. ನನಗೆ ನೆನಪಾಗಲಿಲ್ಲ. "ಇರಲಿ, ನೆನಪಾದಾಗ ಹೇಳು" ಎಂದರು. ಆಮೇಲೆ ಏಳಲಿಲ್ಲ.

ಹಿಂದೆ ಬರುತ್ತಿದ್ದವರು ನನ್ನನ್ನು ಎಳೆದುಕೊಂಡು ಮುಂದೆ ನಡೆದರು.

ನಿಮ್ಮ ಮೊದಲ ಪತ್ರ ಬಂದಾಗ ಅತ್ತೆ ಹೇಳಿದಳು: "ಅಪ್ಪ ಇಲ್ಲದ ಹುಡುಗಿ ಗಂಡಸಿಗೆ ಕಾಗದ ಬರೀತಾಳಂದ್ರ ಕೇರಿ ಸುಮ್ಕಿರಂಗಿಲ್ಲ, ಆ ದೊಡ್ಡ ಮಂದೀನೂ ನಿನಗ ಮರ್ಯಾದಿ ಕೊಡಂಗಿಲ್ಲ. ಅಪ್ಪ ಅದಾನಂತ ಬರಿ." ಬರೆದೆ. ಬರೆಯುತ್ತ ಬರೆಯುತ್ತ ನನಗೂ ಅಭ್ಯಾಸವಾಯಿತು. ಅವರನ್ನು ಪಡಸಾಲೆಯಲ್ಲಿ ಕೂಡಿಸುತ್ತಿದ್ದೆ, ಹೊರಗೆ ಕಳಿಸುತ್ತಿದ್ದೆ, ಕಾಯಿಲೆ ಬರಿಸಿ ವಾಸಿ ಮಾಡುತ್ತಿದ್ದೆ. ನೀವು ಅವರಿಗೆ ಬರೆದ ಪತ್ರವನ್ನು ನಿಜವಾಗಿಯೂ ಗಟ್ಟಿಯಾಗಿ ಓದಿದೆ. ಕೂತಲ್ಲಿಂದ ಏಳಿರಿ ಎಂದು ಬರೆದಿದ್ದಿರಿ. ಹಾಗೆಂದು ಅವರಿಗೆ ಹೇಳಿದವರು ನೀವೊಬ್ಬರೇ. ನನಗೆ ಆ ದಿನ ಅದೂ ಹೇಳಲು ಬಂದಿರಲಿಲ್ಲ.

ಮೌರ್ಯರ ಉತ್ತರವನ್ನು ಪೂರ್ತಿ ಬರೆದು ಇದರೊಳಗೆ ಇಟ್ಟಿದ್ದೇನೆ. ಈಗ ನೆನಪಾಗಿದೆ.

ಸುಳ್ಳು ಹೇಳಿದವಳೆಂದು ಮಂಡಳಿ ನನ್ನನ್ನು ಕೈಬಿಟ್ಟರೆ ನ್ಯಾಯವೇ. ಗಿಡ್ಡಪ್ಪನವರು ಮೊದಲಿನಿಂದ ಕೇಳುತ್ತಿದ್ದರಲ್ಲ, ಯಾರ ಹುಡುಗಿ ಎಂದು. ಗದ್ದೆಪ್ಪನವರ ಹುಡುಗಿ ಎಂದು ಹೇಳಿರಿ.

ಯಮನಮ್ಮ


ಮುಕ್ಕುಂದ
೧೫ ಜನವರಿ ೧೯೪೩, ಶುಕ್ರವಾರ

ಮಾನ್ಯ ಅಧ್ಯಕ್ಷರೇ, ಮಹಾಜನರೇ,

ಮಂಡಳಿಯ ವಿಶೇಷ ಸಭೆ ಇಂದು ಸೇರಿ ಈ ಕೆಳಗಿನಂತೆ ನಿರ್ಣಯಿಸಿತು.

ಅರ್ಜಿಯಲ್ಲಿ 'ತಂದೆ' ಎಂಬ ಶಬ್ದದ ಮುಂದೆ 'ಇಲ್ಲವೆ ಪೋಷಕರು' ಎಂದು ಅಚ್ಚಾಗಿದೆ. ಕಾರ್ಯದರ್ಶಿಯು ಬೇರೆಯವರ ಉತ್ತರಗಳಿಗೆ ಕೆಂಪು ಶಾಯಿ ಹಚ್ಚುವವನು, ಈ ಎರಡು ಶಬ್ದಗಳನ್ನು ಓದದೆ ತಂದೆ ತಂದೆ ಎಂದು ಒಬ್ಬ ಮಗಳ ಬೆನ್ನು ಹತ್ತಿದ್ದಕ್ಕೆ ಸಭೆ ಅವನನ್ನು ಖಂಡಿಸುತ್ತದೆ. ಜೋಗಮ್ಮನವರ ಹೆಬ್ಬೆಟ್ಟು ಸಾಕು. ಅರ್ಜಿಯ ಮೇಲೆ ಕಾರ್ಯದರ್ಶಿಯ ಸಹಿಯಾಗಿದೆ. ದಾವಲ್‌ಸಾಬ್ ಅದನ್ನು ತರುತ್ತಾನೆ. ಬೇವಿನ ಮರದ ಹತ್ತಿರ ನಿಂತು ಕೂಗಬಾರದು, ಕೇರಿಯೊಳಗೆ ಹೋಗಿ ಮನೆಯ ಬಾಗಿಲಲ್ಲಿ ಕೊಡಬೇಕೆಂದು ಅವನಿಗೆ ಹೇಳಿದಾಗ, "ಅದನ್ನೇನ್ ಹೇಳ್ತೀರಿ ಮಾಸ್ತರ್ರೀ, ಹೆಬ್ಬೆಟ್ಟು ಒತ್ತಿಸಿ ರಾಯಚೂರಿನ ಟಪಾಲಿಗೆ ನಾನೇ ಹಾಕಿ ಬರ್ತೀನಿ" ಎಂದ. ತಿಂಗಳು ಮುಗಿಯುವುದರೊಳಗೆ ಮುಟ್ಟುತ್ತದೆ.

ಮೌರ್ಯರ ಉತ್ತರವನ್ನು ಸಭೆಯಲ್ಲಿ ಗಟ್ಟಿಯಾಗಿ ಓದಲಾಯಿತು. ಎಲ್ಲಿಯೂ ಕೆಂಪು ಶಾಯಿ ತಾಗಿಲ್ಲ. ಗಿಡ್ಡಪ್ಪನವರು ಇದೇ ಮೊದಲ ಸಲ ಏನೂ ತಕರಾರು ಮಾಡಲಿಲ್ಲ.

ಕೊನೆಯದಾಗಿ, ಮಗಳ ಪಾಠ ಕೇಳುತ್ತ ಮಣಿಪುರದ ದಾರಿಯಲ್ಲಿ ತೀರಿಕೊಂಡ ಶ್ರೀ ಗದ್ದೆಪ್ಪನವರ ಕುರಿತು ಸಂತಾಪದ ಎರಡು ಸಾಲು ಬರೆಯಲು ಕಾರ್ಯದರ್ಶಿಗೆ ಸೂಚಿಸಲಾಯಿತು. ಪ್ರಾಸ ಕೂಡಲಿಲ್ಲ. ಆದ್ದರಿಂದ ಮಂಡಳಿಯವರೆಲ್ಲ ಎದ್ದು ನಿಂತರು. ಅಂಬಪ್ಪನವರು ನಿದ್ದೆಯಿಂದ ಎದ್ದರು, ಅಧ್ಯಕ್ಷರು ಕಾಲುನೋವಿದ್ದರೂ

ಯಮನಮ್ಮ, ಮುಂದೆ ಬರೆಯಲಾರೆ.

ಅಧ್ಯಕ್ಷರು ಕಾಲು ಮುರಿದ ಕುರ್ಚಿ. ಅಂಬಪ್ಪ ನನ್ನ ಬೆಕ್ಕು. ನೀನು ಹಾಜಿಸಾಬರಿಗೆ ಬರೆದ ಪತ್ರಕ್ಕೆ ಊರಿನಲ್ಲಿ ಧಣಿ ಸಿಗದೆ ಟಪಾಲಿನವನು ಅದನ್ನು ಠಾಣೆಗೆ ಕೊಟ್ಟ. ಪೊಲೀಸ್ ಅಮೀನರು ನನ್ನನ್ನು ಕರೆಸಿ ಸದಸ್ಯರ ಹೆಸರು ಕೇಳಿದರು. ನಿಜ ಹೇಳಿದೆ. "ಒಬ್ಬ ಮನಶ್ಯಾ ತನ್ನ ಸಂಗಡ ತಾನೇ ಕುಂತ್ರ ಅದಕ್ಕ ಸಭಾ-ಜಲ್ಸಾ ಅನ್ನಾಕ ಬರಂಗಿಲ್ಲ. ಆದ್ರ ಅಂಥವನ್ನ ಈ ಊರಾಗ ಇಟ್ಕೊಳ್ಳಾಕೂ ಬರಂಗಿಲ್ಲ" ಎಂದು ಈ ಹೊಳೆದಂಡೆಗೆ ಕಳಿಸಿದರು. ಅದು ನಿನ್ನ ತಪ್ಪಲ್ಲ. ಇಲ್ಲದವರ ಹೆಸರು ಕೊಟ್ಟವನು ನಾನು. ಒಂಟಿ ಗಂಡಸು ಬರೆದರೆ ನೀನು ಉತ್ತರ ಬರೆಯಲಾರೆ ಎಂದು ನಿನ್ನ ಅತ್ತೆಗೆ ಹೊಳೆದದ್ದೇ ನನಗೂ ಹೊಳೆದಿತ್ತು.

ಬಂಡೆಯ ಹತ್ತಿರ ನನ್ನನ್ನು ಬೈದ ಗಿಡ್ಡಪ್ಪ, ಬಿ.ಎ. ಮಾಡಿ ಏನು ಮಾಡಿದೆ ಎಂದು ಕೇಳಿದ ಗಿಡ್ಡಪ್ಪ, ಅವನೂ ನಾನೇ. ನೀನು ಅವನಿಗೆ ಉತ್ತರ ಕೊಟ್ಟೆ. ಇಪ್ಪತ್ತು ವರ್ಷದಲ್ಲಿ ಯಾರೂ ಕೊಟ್ಟಿರಲಿಲ್ಲ.

ಮಾರ್ಚಿನಲ್ಲಿ ಪರೀಕ್ಷೆಗೆ ಹೊರಟ ನಿನ್ನ ಬಸ್ಸು ಸಿಂಧನೂರಿಗೆ ಬಂದಾಗ ಕಿಟಕಿಯಿಂದ ನೋಡು. ಜನ ಕೂಡಿರುವುದಿಲ್ಲ, ಹೊಳೆದಂಡೆಯಿಂದ ಬಂದ ಒಬ್ಬ ಮಾಸ್ತರ ನಿಂತಿರುತ್ತಾನೆ.

ಮಂಡಳಿ ಇಲ್ಲ, ತಾಯಿ. ಈಗ, ಈ ಕೋಣೆಯಲ್ಲಿ, ನಿನ್ನ ಅಪ್ಪನಿಗಾಗಿ ಎದ್ದು ನಿಂತವನು ನಾನೊಬ್ಬನೇ.